ಹಗ್ಗದಂಗಡಿಯಲ್ಲಿ ವಿಮಾ ಏಜೆಂಟ್

ವಿಜಯಪುರದ ಅಥಣಿ ರಸ್ತೆಯಲ್ಲಿ ಟೈರಿನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಪುಟ್ಟ ಮಳಿಗೆ ವಿಶಾಖಾಳದು. ಗಾಡಿಗಳಿಗೆ ವಿಮೆ ಮಾಡಿಸುವುದು ಅವಳ ಉದ್ಯೋಗ. ಬಿಜ್ಜರಗಿಯಲ್ಲಿ ಆಡು ಸಾಕುವ ಭಾಗಪ್ಪನ ಮಗಳು, ಬಿ.ಕಾಂ. ಮುಗಿಸಿ, ಕೆಲ ಕಾಲ ಇನ್ನೊಬ್ಬರ ಕೈಕೆಳಗೆ ದುಡಿದು, ಆಮೇಲೆ ತನ್ನದೇ ಬೋರ್ಡು ಹಾಕಿಕೊಂಡವಳು. ತಿಕೋಟಾದ ಒಣದ್ರಾಕ್ಷಿ ಸಾಗಿಸುವ ಪಿಕಪ್‌ಗಳು, ಬಬಲೇಶ್ವರದ ಜೀಪುಗಳು, ತನ್ನೂರಿನ ಟ್ರ್ಯಾಕ್ಟರುಗಳು, ಹೀಗೆ ಆ ಭಾಗದ ಮುಕ್ಕಾಲು ಗಾಡಿಗಳ ಕಾಗದ ಅವಳ ಕೈಯಿಂದಲೇ ಹೊರಬಿದ್ದದ್ದು. ಅವಧಿ ಮುಗಿಯುವ ಒಂದು ವಾರ ಮೊದಲೇ ಮಾಲೀಕನ ಫೋನು ರಿಂಗಾಗುತ್ತಿತ್ತು. ಒಮ್ಮೆ ಎತ್ತದಿದ್ದರೆ ಮತ್ತೊಮ್ಮೆ. ಎರಡಕ್ಕೂ ಎತ್ತದಿದ್ದರೆ ವಿಶಾಖಾ ತನ್ನ ಬಿಳಿ ಕಾರು ತೆಗೆದುಕೊಂಡು ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. "ಸಾಲದವರರ ಬಾಗಲಾ ಬಿಟ್ಟ ಹೋದಾರು, ಈಕಿ ಹೋಗಾಕಿಯಲ್ಲ" ಎಂದು ಜೀಪಿನವರು ನಗಾಡುತ್ತಿದ್ದರು. ಅವಳಿಗೆ ಅದು ಕೇಳಲು ಇಷ್ಟವೇ ಆಗಿತ್ತು.

ಆ ದಿನ ಅವಳು ಬಬಲೇಶ್ವರಕ್ಕೆ ಹೋದದ್ದೂ ಅಂಥದೇ ಒಂದು ಜೀಪಿನ ಕೆಲಸಕ್ಕೆ. ಸಂತೆಯ ದಿನ. ಕೆಲಸ ಮುಗಿಸಿ, ಸಂತೆಯ ಅಂಚಿನ ಓಣಿಯಲ್ಲಿ ಕಾರು ಹೊರಗೆ ತೆಗೆಯುತ್ತಿದ್ದಾಗ ಎದುರಿನಿಂದ ಉಳ್ಳಾಗಡ್ಡಿ ಹೇರಿಕೊಂಡ ಟ್ರ್ಯಾಕ್ಟರು ಬಂತು. ಅದಕ್ಕೆ ದಾರಿ ಬಿಡಬೇಕೆಂದರೆ ಇವಳು ಹಿಂದಕ್ಕೆ ಹೋಗಲೇಬೇಕು. ಕನ್ನಡಿ ನೋಡಿದಳು, ತಿರುಗಿ ನೋಡಿದಳು, ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಹಿಂದೆ ಬೇವಿನ ಮರದ ಕೆಳಗೆ ಹಗ್ಗ ಮಾರುವ ರಸೂಲಸಾಬ ಬಗ್ಗಿ ಗಂಟು ಬಿಚ್ಚುತ್ತಿದ್ದುದು ಮಾತ್ರ ಕಾಣಲಿಲ್ಲ. ಅಂಗಡಿಯ ಬಿದಿರಿನ ಗೂಟ ಮುರಿದ ಸದ್ದು ಮೊದಲು ಕೇಳಿಸಿತು. ಅದರ ಬೆನ್ನಿಗೇ ಅವನ ಕೂಗು.

ಇಳಿದು ಓಡಿದಳು. ಚಕ್ರ ಪಾದದ ಅಂಚಿನ ಮೇಲೆ ಹತ್ತಿ ಇಳಿದಿತ್ತು. ಅರವತ್ತರ ಮೇಲಿನ ಮುದುಕ ನೆಲದಲ್ಲಿ ಕೂತು, ಹಲ್ಲು ಕಚ್ಚಿ, ಎರಡೂ ಕೈಯಿಂದ ಕಾಲು ಹಿಡಿದುಕೊಂಡಿದ್ದ. ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಚಂದ್ರಾಬಾಯಿ "ಕಣ್ಣ ಕಾಣೂದಿಲ್ಲೇನ ಬೇ?" ಎಂದು ಬೈಯುತ್ತಲೇ ಅವನ ಬಾಯಿಗೆ ನೀರು ಹಿಡಿದಳು. ಕ್ಷಣದಲ್ಲಿ ಜನ ಸುತ್ತುವರಿದರು.

ವಿಶಾಖಾ ಹೆದರುವ ಹೆಣ್ಣಲ್ಲ. ಇಂಥ ಗದ್ದಲಗಳನ್ನು ಗಿರಾಕಿಗಳ ಪರವಾಗಿ ಎಷ್ಟೋ ಸಲ ಬಗೆಹರಿಸಿದ್ದಳು. ಮುದುಕನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ತಪ್ಪ ನಂದರಿ ಕಾಕಾ. ನೀವು ಚಿಂತಿ ಮಾಡಬ್ಯಾಡ್ರಿ. ನಾ ಇನ್ಸೂರನ್ಸಿನಾಕಿನ ಅದೇನಿ. ದವಾಖಾನಿ, ಔಷಧ, ದುಡಿಮಿ ಹೋಗಿದ್ದು, ಎಲ್ಲಾ ಕಂಪನಿ ನೋಡ್ಕೋತೈತಿ."

ಗುಂಪಿನಲ್ಲಿ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಸಂಗನಬಸವನೂ ಇದ್ದ. ಅವನ ಪಿಕಪ್‌ಗಳೆಲ್ಲ ಇವಳ ಗಿರಾಕಿಗಳೇ. "ಈಕಿ ಅಂದ್ಲಂದ್ರ ಆತು. ಮಾತಿಗೆ ತಪ್ಪಾಕಿ ಅಲ್ಲ" ಎಂದು ಅವನೂ ದನಿಗೂಡಿಸಿದ. ಜನ ಸ್ವಲ್ಪ ತಣ್ಣಗಾದರು. ಇಬ್ಬರು ಸೇರಿ ರಸೂಲಸಾಬನನ್ನು ಎತ್ತಿ ಕಾರಿನ ಕಡೆ ನಡೆಸಿದರು. ವಿಶಾಖಾ ಪಾಲಿಸಿಯ ನಂಬರು ತೆಗೆದಿಡೋಣವೆಂದು ಫೋನು ತೆರೆದಳು.

ಪರದೆಯ ಮೇಲೆ ಅವಳದೇ ಕಾರಿನ ನಂಬರು, ಅದರ ಕೆಳಗೆ ಕೆಂಪು ಅಕ್ಷರ: ಅವಧಿ ಮುಗಿದಿದೆ.

ಏನೋ ತಪ್ಪಾಗಿರಬೇಕೆಂದು ಮತ್ತೊಮ್ಮೆ ನೋಡಿದಳು. ಹಿಂದಿನ ವಾರವೇ ಫೋನಿನಿಂದ ಹಣ ಕಟ್ಟಿದ್ದು ಚೆನ್ನಾಗಿ ನೆನಪಿತ್ತು. ಕಟ್ಟುವಾಗ ನೆಟ್‌ವರ್ಕ್ ಗಿರಗಿರ ತಿರುಗಿತ್ತು, ಕೊನೆಗೆ ಖಾತೆಯಿಂದ ಹಣ ಹೋಗಿತ್ತು, ಇವಳು ಆಯಿತೆಂದು ಫೋನು ಬದಿಗಿಟ್ಟಿದ್ದಳು. ಈಗ ಬ್ಯಾಂಕಿನ ಸಂದೇಶಗಳನ್ನು ಕೆದಕಿದರೆ, ಆ ಹಣ ಮರುದಿನವೇ ವಾಪಸು ಬಂದು ಬಿದ್ದಿತ್ತು. ಗಿರಾಕಿಗಳ ನೂರೆಂಟು ಸಂದೇಶಗಳ ನಡುವೆ ಅದೊಂದು ಅವಳ ಕಣ್ಣು ತಪ್ಪಿಸಿತ್ತು. ಊರಿಗೆಲ್ಲ ಫೋನು ಮಾಡುವವಳಿಗೆ ಫೋನು ಮಾಡುವವರು ಯಾರೂ ಇರಲಿಲ್ಲ.

ಫೋನು ಅವಳ ಕೈಯಲ್ಲಿತ್ತು, ಬೇರೆ ಯಾರೂ ನೋಡಿರಲಿಲ್ಲ. ಆಸ್ಪತ್ರೆ ಹತ್ತಿರವೇ ಇದೆ. ಸುಮ್ಮನೆ ಕಾರು ಹತ್ತಿದರೆ ಆಯಿತು, ಮುಂದಿನದು ಮುಂದೆ. ಆದರೆ ಮುದುಕ ಆಗಲೇ ಹಿಂದಿನ ಸೀಟಿಗೆ ಒಂದು ಕೈ ಊರಿದ್ದ. ವಿಮೆ ಇಲ್ಲದ ಗಾಡಿ ಎಂದು ತಿಳಿದೂ ತಿಳಿದೂ ಅವನನ್ನು ಅದರಲ್ಲಿ ಕೂರಿಸುವುದು ಅವಳ ಕೈಲಾಗಲಿಲ್ಲ.

"ತಡೀರಿ. ಈ ಗಾಡ್ಯಾಗ ಬ್ಯಾಡ" ಎಂದಳು.

"ಯಾಕ ತಂಗಿ? ಪೆಟ್ರೋಲ ಇಲ್ಲೇನು?" ಸಂಗನಬಸವ ಕೇಳಿದ.

"ಪೆಟ್ರೋಲ ಐತ್ರಿ. ಇನ್ಸೂರನ್ಸ್ ಇಲ್ಲ. ಹೋದ ವಾರ ಮುಗದೈತಿ. ರೊಕ್ಕ ಕಟ್ಟಿದ್ದೆ, ಹೋಗಿಲ್ಲ. ನಾ ನೋಡ್ಕೊಂಡಿಲ್ಲ." ರಸೂಲಸಾಬನ ಕಡೆ ತಿರುಗಿದಳು. "ಕಾಕಾ, ಕಂಪನಿ ಕೊಡ್ತೈತಿ ಅಂದ್ನೆಲ್ಲ, ಅದು ಸುಳ್ಳಾತು. ಕಂಪನಿ ಕೊಡಂಗಿಲ್ಲ, ನಾ ಕೊಡ್ತೇನಿ."

ಹಿಂದಿನಿಂದ ಯಾರೋ ಗೊಳ್ಳೆಂದು ನಕ್ಕರು. ನಗೆ ಗುಂಪಿಗೆಲ್ಲ ಹಬ್ಬಿತು. ಸಂಗನಬಸವ ಮಾತ್ರ ನಗಲಿಲ್ಲ. ಅವಳನ್ನೇ ಒಮ್ಮೆ ನೋಡಿ ಮುಖ ಬೇರೆ ಕಡೆ ತಿರುಗಿಸಿದ. ವಿಶಾಖಾಳ ಕಿವಿ ಬಿಸಿಯಾದವು. ಆದರೂ ಅವಳು ನಿಂತ ಜಾಗದಿಂದ ಕದಲದೆ, ಆಗ ತಾನೇ ತನ್ನ ಕೈಯಿಂದ ಕಾಗದ ಪಡೆದಿದ್ದ ಜೀಪಿನವನನ್ನು ಕೂಗಿ ಕರೆದಳು. ರಸೂಲಸಾಬನನ್ನು ಆ ಜೀಪಿನಲ್ಲಿ ಮಲಗಿಸಿ, ಅವನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾರು ಅಲ್ಲೇ ಗೋಡೆಯ ಬದಿಗೆ ಉಳಿಯಿತು.

ಪಾದದ ಎಲುಬು ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಿ, ಒಂದೂವರೆ ತಿಂಗಳು ಕಾಲು ಊರುವಂತಿಲ್ಲ ಎಂದರು ಡಾಕ್ಟರು. ಅಲ್ಲಿಂದ ವಿಶಾಖಾ ತಾನೇ ಪೊಲೀಸ್ ಠಾಣೆಗೆ ಹೋಗಿ, ಆದದ್ದನ್ನು ಆದ ಹಾಗೆ ಬರೆಸಿ, ವಿಮೆ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ದಂಡ ಕಟ್ಟಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಫೋನು ಬಂತು. ವಿಮಾ ಕಂಪನಿಯಲ್ಲಿ ಅವಳ ಮೇಲಿನ ಅಧಿಕಾರಿ ಚೇತನಕುಮಾರ. ಸುದ್ದಿ ಆಗಲೇ ವಿಜಯಪುರ ಮುಟ್ಟಿತ್ತು.

"ಗಾಬರಿ ಆಗಬ್ಯಾಡ ವಿಶಾಖಾ" ಎಂದ ಆತ. "ಈಗಿಂದೀಗ ರಿನ್ಯೂ ಮಾಡು. ಆಮ್ಯಾಲ ನಾಳಿನೋ ನಾಡದೋ ಆ್ಯಕ್ಸಿಡೆಂಟ್ ಆತು ಅಂತ ತೋರಸೂಣು. ಮುರದ ಕಾಲಿನ ಮ್ಯಾಲ ತಾರೀಖ ಬರದಿರ್ತೈತೇನು?"

"ದವಾಖಾನಿ ಚೀಟಿ ಮ್ಯಾಲ ಬರದೈತಲ್ರಿ ಸರ್. ಸ್ಟೇಷನ್‌ದಾಗ ಈಗಷ್ಟ ನಾನ ಬರಸಿ ಬಂದೇನಿ."

"ಅದನ್ನೂ ನೋಡೂಣಂತ. ಮುದುಕಗ ನಾಕ ದುಡ್ಡ ಹೆಚ್ಚಿಗಿ ಬರ್ತಾವ, ನೀನೂ ಪಾರ ಆಗ್ತಿ. ಯಾರಿಗೆ ಲುಕ್ಸಾನು?"

"ಬ್ಯಾಡ್ರಿ ಸರ್" ಎಂದಳು ವಿಶಾಖಾ. "ನಾಳಿ ನನ್ನ ಗಿರಾಕಿ ಒಬ್ಬಾಂವ ಬಂದು, ಹಿಂಗ ಮಾಡಿ ಕೊಡು ಅಂದ್ರ ನಾ ಏನ ಹೇಳ್ಲಿ? ರಿನ್ಯೂ ಮಾಡ್ತೇನಿ. ಇದನ್ನ ನಾ ನೋಡ್ಕೋತೇನಿ."

ಮಾತು ಮುಗಿಸಿದ ಮೇಲೆ ಹಗುರವೆನಿಸಿತು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು, ಅಲ್ಲಿಯೇ ಕೂತು ಹಣ ಕಟ್ಟಿದಳು. ಅವಧಿ ಮೀರಿದ್ದರಿಂದ ಪೂರ್ತಿ ವಿಮೆಗೆ ಗಾಡಿಯ ತಪಾಸಣೆ ಆಗಬೇಕಿತ್ತು. ಈಗ ಅದನ್ನು ಫೋನಿನ ವಿಡಿಯೊದಲ್ಲೇ ಮಾಡುತ್ತಾರೆ. ಗೂಟಕ್ಕೆ ಬಡಿದು ಕಾರಿನ ಹಿಂಭಾಗ ತಗ್ಗಾಗಿತ್ತು. ಆ ಬದಿ ತೋರಿಸದೆ ಇದ್ದರೆ ಮುಂದೆ ಅದನ್ನೂ ಕಂಪನಿಯ ಲೆಕ್ಕದಲ್ಲೇ ಸರಿಮಾಡಿಸಿಕೊಳ್ಳಬಹುದೆಂಬುದು ಈ ಉದ್ಯೋಗದಲ್ಲಿರುವ ಎಲ್ಲರಿಗೂ ಗೊತ್ತು. ಕಾರು ನಿಂತಿದ್ದ ಓಣಿಗೆ ಮರಳಿ, ವಿಶಾಖಾ ವಿಡಿಯೊ ಶುರುಮಾಡಿದ್ದೇ ಆ ತಗ್ಗಿನಿಂದ. ಹೊಸ ಕಾಗದ ಫೋನಿಗೆ ಬರುವವರೆಗೆ ಕಾರು ಮುಟ್ಟದೆ, ಬಸ್ಸು ಹತ್ತಿ ಮನೆಗೆ ಹೋದಳು.

ಮರುದಿನವೂ ಬಸ್ಸಿನಲ್ಲೇ ಬಂದು ರಸೂಲಸಾಬನ ಮನೆ ಹುಡುಕಿದಳು. ಮಂಚದ ಮೇಲೆ ದಿಂಬಿಗೆ ಕಾಲು ಏರಿಸಿ ಮಲಗಿದ್ದ. ಹೆಂಡತಿ ಹುಸೇನಬಿ ಬಾಗಿಲಲ್ಲೇ ಕೂತು ನಾರು ಬಿಡಿಸುತ್ತಿದ್ದಳು. ಇವಳನ್ನು ಕಂಡು ಕೂಡು ಎನ್ನಲಿಲ್ಲ. ವಿಶಾಖಾ ತಾನೇ ನೆಲದ ಮೇಲೆ ಕೂತಳು.

"ಕಾಕಾ, ಮೊದಲ ಒಂದ ಮಾತ ಹೇಳಿ ಬಿಡ್ತೇನಿ. ನೀವು ನನ್ನ ಮ್ಯಾಲ ಕೇಸ್ ಹಾಕಬಹುದು. ಕಾಯಿದೆ ನಿಮ್ಮ ಕಡೆ ಐತಿ. ವಕೀಲರು ಬೇಕಂದ್ರ ಹೆಸರ ಹೇಳ್ತೇನಿ. ನೀವು ಹಾಕ್ರಿ, ಬಿಡ್ರಿ, ದವಾಖಾನಿ ಖರ್ಚ ಅಂತೂ ನಂದ."

ಹುಸೇನಬಿ ನಾರು ಕೆಳಗಿಟ್ಟಳು. "ಹಾಂಗಲ್ಲ. ತಾರೀಖ ತಿದ್ದಿದ್ರ ಕಂಪನಿಯವರು ಕೊಡ್ತಾರಂತಲ್ಲ? ನಮ್ಮ ಅಳಿಯಾ ಹೇಳಿದ. ಕಂಪನಿ ಕೊಟ್ರ ನಿನಗೇನ ಹೊಟ್ಟಿಬ್ಯಾನಿ?"

ಈ ಪ್ರಶ್ನೆಗೆ ವಿಶಾಖಾ ಸಿದ್ಧಳಾಗಿರಲಿಲ್ಲ. ಚೇತನಕುಮಾರನಿಗೆ ಬ್ಯಾಡ ಎನ್ನುವುದು ಸುಲಭವಾಗಿತ್ತು; ಪೆಟ್ಟು ತಿಂದವನ ಹೆಂಡತಿಯ ಮುಂದೆ ಅದೇ ಮಾತು ಹೇಳುವುದು ಹಾಗಿರಲಿಲ್ಲ. "ತಿದ್ದಿದ್ರ ಸಾಯಬರೂ ಸುಳ್ಳ ಸಹಿ ಹಾಕಬೇಕಾಗ್ತೈತಿ, ಚಾಚಿ" ಎಂದಳು. "ನಾಳಿ ಕಂಪನ್ಯಾಗ ಯಾರರ ಕೆದರಿ ನೋಡಿದ್ರ ನನ್ನ ಜೋಡಿ ಅವರನ್ನೂ ಎಳೀತಾರ. ಕಾಲ ಮುರದಿದ್ದ ಸಾಕು. ಕೋರ್ಟಿಗೆ ಅಡ್ಡ್ಯಾಡೂದ ಬ್ಯಾರೆ ಬ್ಯಾಡ."

"ಖರೇ ಐತಿ" ಎಂದ ರಸೂಲಸಾಬ. "ಕೇಸೂ ಬ್ಯಾಡ, ಪಾಸೂ ಬ್ಯಾಡ. ಕಾಲ ಇವತ್ತಿಲ್ಲ ನಾಳಿ ಕೂಡ್ತೈತಿ. ನನಗ ಹತ್ತಿದ್ದು ಬ್ಯಾರೆ ಚಿಂತಿ. ಆ ಬೇವಿನ ಗಿಡದ ಬುಡಕ ನಮ್ಮಪ್ಪ ಕುಂದರ್ತಿದ್ದ, ಆಮ್ಯಾಲ ನಾ. ಎರಡ ಸಂತಿ ಜಾಗಾ ಖಾಲಿ ಬಿಟ್ನಿ ಅಂದ್ರ ಪ್ಲಾಸ್ಟಿಕ್ ಬುಟ್ಟಿಯವರು ಬಂದು ಕುಂದರ್ತಾರ. ಮತ್ತ ಏಳಂಗಿಲ್ಲ. ಈಕಿಗೆ ಮಣಕಾಲ ಬ್ಯಾನಿ, ದಿನಾ ಪೂರ್ತಿ ಕುಂದರಾಕ ಆಗಂಗಿಲ್ಲ. ಮಗಾ ಸೊಲ್ಲಾಪುರದಾಗ. ಅದಕ್ಕ ಯಾವದರ ಇನ್ಸೂರನ್ಸ್ ಐತೇನವಾ ನಿನ್ನ ಕಡೆ?"

"ಇಲ್ರಿ" ಎಂದಳು ವಿಶಾಖಾ. ಮತ್ತೆ ತಡಮಾಡಲಿಲ್ಲ. "ನಾ ಕುಂದರ್ತೇನಿ."

ಹುಸೇನಬಿಗೆ ನಗು ತಡೆಯಲಾಗಲಿಲ್ಲ. "ನೀ? ಹಗ್ಗ ಮಾರ್ತಿ?"

"ಬಿಜ್ಜರಗಿ ಭಾಗಪ್ಪನ ಮಗಳರಿ ನಾ. ಆಡ ಕಟ್ಟು ಕಣ್ಣಿ ಯಾವದು, ಎಮ್ಮಿ ಕಟ್ಟು ಹಗ್ಗ ಯಾವದು ಅಂತ ತಿಳೀತೈತಿ. ರೇಟ್ ಸಾಯಬರು ಹೇಳ್ಲಿ, ಮಾರೂದ ನನಗ ಬಿಡ್ರಿ. ಜನರ ಕಣ್ಣಿಗೆ ಕಾಣದ್ದನ್ನ ಮಾರಿ ಬದುಕಾಕತ್ತೇನಿ. ಕೈಯಾಗ ಹಿಡಿಯೂ ಹಗ್ಗ ಮಾರಾಕ ಆಗೂದಿಲ್ಲೇನು?"

ರಸೂಲಸಾಬ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಎತ್ತಿನ ಗೆಜ್ಜಿ ಸರದಾಗ ಚೌಕಾಸಿ ಭಾಳ ಮಾಡ್ತಾರ. ಇಳೀಬ್ಯಾಡ" ಎಂದ. ಒಪ್ಪಿಗೆ ಅಂದರೆ ಅದೇ.

ಮನೆಯಲ್ಲಿ ಗಂಡ ಕುನಾಲನಿಗೆ ಹೇಳಿದಾಗ ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮೆತ್ತನೆ ಸ್ವಭಾವದವನು. "ನಿನ್ನ ಗಿರಾಕಿಗಳು ನೋಡ್ತಾರ."

"ನೋಡ್ಲಿ. ಓಡಿ ಹೋಗಿಲ್ಲ ಅಂತರ ತಿಳೀತೈತಿ."

"ನಗ್ತಾರ."

"ಅವತ್ತ ನಕ್ಕಾಗೇತಿ. ಎರಡನೇ ಸಲ ಅಷ್ಟ ಜೋರ ಬರೂದಿಲ್ಲ ಬಿಡು."

ಕುನಾಲ ನಕ್ಕು, "ಕುಂದರಾಕ ಒಂದ ದಪ್ಪನ ಚಾದರ ಒಯ್ಯಿ ಮತ್ತ" ಎಂದ.

ಮೊದಲ ಸಂತೆ ಅಷ್ಟೇನೂ ಚೆನ್ನಾಗಿರಲಿಲ್ಲ. ಹಗ್ಗ ಕೊಳ್ಳಲು ಬಂದವರಿಗಿಂತ ಇವಳನ್ನು ನೋಡಲು ಬಂದವರೇ ಹೆಚ್ಚು. ಸೀರೆಯ ಸೆರಗು ಸಿಕ್ಕಿಸಿ, ಹೊಸ ಬಿದಿರಿನ ಗೂಟಕ್ಕೆ ಮೂಗುದಾರ, ಗೆಜ್ಜೆಸರ, ಬಣ್ಣದ ಕೊರಳಪಟ್ಟಿಗಳನ್ನು ತೂಗುಹಾಕಿ ಕೂತಿದ್ದಳು. ಬಾಯಿ ಮಾತ್ರ ಏಳುತ್ತಿರಲಿಲ್ಲ. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವವಳಿಗೆ ಬಯಲಲ್ಲಿ ಕೂಗಲು ನಾಚಿಕೆ. ಮೊದಲ ದಿನ ಬೈದಿದ್ದ ಚಂದ್ರಾಬಾಯಿಯೇ ಮಧ್ಯಾಹ್ನದ ಹೊತ್ತಿಗೆ ತಾಳಲಾರದೆ, "ಕೂಗಽ ಬೇ! ಹಗ್ಗಕ್ಕ ಬಾಯಿ ಇರ್ತೈತೇನು?" ಎಂದು ಗದರಿದಳು. ವಿಶಾಖಾ ಕೂಗಿದಳು. ದನಿ ಒಡೆದು ಬಂತು. ಎದುರಿಗೆ ಹೋಗುತ್ತಿದ್ದ ಇಬ್ಬರು ಕುರಿಗಾರರು ತಿರುಗಿ ನೋಡಿ ಹತ್ತಿರ ಬಂದರು. ಅವರು ಕುರಿ ಕಟ್ಟುವ ಕಣ್ಣಿಗಳನ್ನು ಎಳೆದು, ತಿರುವಿ, ಬೆಲೆ ಕೇಳಿ, ಇಳಿಸಿ ಕೇಳಿ, ಕೊನೆಗೆ ಕೊಂಡೇ ಹೋದರು. ಆ ಸಂತೋಷ ಅವಳಿಗೆ ಹೊಸದು. ವಿಮೆ ಕೊಂಡವರು ಯಾರೂ ಅದನ್ನು ಹೆಗಲಿಗೆ ಹಾಕಿಕೊಂಡು ನಡೆದದ್ದನ್ನು ಅವಳು ನೋಡಿರಲಿಲ್ಲ.

ಸಂಜೆ ಇಳಿಯುವಾಗ ಸಂಗನಬಸವ ಬಂದ. ಅಂಗಡಿಯ ಮುಂದೆ ನಿಂತು ಒಂದು ಹಗ್ಗ ಮುಟ್ಟಿದ, ಬಿಟ್ಟ.

"ತಪ್ಪ ತಿಳ್ಕೋಬ್ಯಾಡ ತಂಗಿ. ಈ ವರ್ಷ ನನ್ನ ಗಾಡಿ ಬ್ಯಾರೆಯವರ ಕಡೆ ಮಾಡಸ್ತೇನಿ. ನಿಂದ ನಿನಗ ನೆನಪ ಇರಲಿಲ್ಲ ಅಂದ್ರ…" ಎಂದು ಅಲ್ಲಿಗೇ ನಿಲ್ಲಿಸಿದ.

ಮಾತು ನಾಟಿತು. ಅದು ಸುಳ್ಳೆಂದು ಹೇಳುವಂತಿರಲಿಲ್ಲ. "ಮಾಡಸ್ರಿ ಅಣ್ಣಾರ, ನಿಮ್ಮ ಗಾಡಿ, ನಿಮ್ಮ ಇಚ್ಛಾ" ಎಂದಳು. "ಆದ್ರ ದೊಡ್ಡ ಪಿಕಪ್ಪಿಂದು ಈ ತಿಂಗಳ ಕೊನಿಗೇ ಮುಗೀತೈತಿ. ಯಾರ ಕಡೆ ಮಾಡಸ್ತೀರಿ ಮಾಡಸ್ರಿ, ತಡಾ ಮಾಡಬ್ಯಾಡ್ರಿ. ರೊಕ್ಕ ಕಟ್ಟಿದ ಮ್ಯಾಲ ಪಾಲಿಸಿ ಕಾಗದ ಕಣ್ಣೀಲೆ ನೋಡೂತನಾ ಗಾಡಿ ಹೊರಗ ಹಾಕಬ್ಯಾಡ್ರಿ."

ಅವನು ತಲೆಯಾಡಿಸಿ ಹೋದ. ಆ ವರ್ಷ ಅವನ ಒಂದು ಗಾಡಿಯೂ ಅವಳ ಮಳಿಗೆಗೆ ಮರಳಲಿಲ್ಲ. ಅವನನ್ನು ನೋಡಿ ಇನ್ನೂ ಇಬ್ಬರು ಬಿಟ್ಟರು. ಮಳಿಗೆಯಲ್ಲಿ ಕೂತಾಗ ಆ ಹೆಸರುಗಳು ನೆನಪಾದರೆ ಎದೆಯಲ್ಲಿ ಚುರುಕ್ ಎನ್ನುತ್ತಿತ್ತು. ಹಾಗೆಂದು ಅವಳು ಯಾರ ಬಾಗಿಲಿಗೂ ಅಂಗಲಾಚಲು ಹೋಗಲಿಲ್ಲ. ಉಳಿದವರಿಗೆ ಮೊದಲಿನಂತೆಯೇ ಫೋನು ಮಾಡಿದಳು. ಯಾರಾದರೂ "ನಿಂದು ಕಟ್ಟೀಯೇನವಾ?" ಎಂದು ಕೆಣಕಿದರೆ, "ಕಟ್ಟೇನ್ರಿ, ಕಾಗದಾ ಕಳಸ್ಲ್ಯಾ?" ಎನ್ನುತ್ತಿದ್ದಳು.

ಎರಡನೆಯ ಸಂತೆಗೆ ಅವಳು ಬರುವಷ್ಟರಲ್ಲಿ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಬುಟ್ಟಿಗಳ ಗೋಪುರವೇ ಎದ್ದಿತ್ತು. ರಸೂಲಸಾಬ ಹೇಳಿದ್ದು ಉತ್ಪ್ರೇಕ್ಷೆಯಾಗಿರಲಿಲ್ಲ. ಬುಟ್ಟಿಯವನು ಗಟ್ಟಿಮುಟ್ಟಾದ ಆಸಾಮಿ, ಮರಕ್ಕೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದ. ವಿಶಾಖಾ ಹಗ್ಗದ ಗಂಟನ್ನು ಅವನ ಮುಂದೆಯೇ ಇಳಿಸಿದಳು.

"ಏಳ್ರಿ ಅಣ್ಣಾ. ಈ ಜಾಗಾ ರಸೂಲಸಾಬರದು."

"ಸಾಯಬ ಎಲ್ಲಿ ಅದಾನ? ಖಾಲಿ ಇತ್ತು, ಕುಂತೇನಿ."

"ಅವರ ಬದಲಿ ನಾ ಅದೇನಿ."

"ನೀ ಯಾರು? ಅವನ ಮಗಳೇನು?"

"ಅಲ್ಲ" ಎಂದಳು ವಿಶಾಖಾ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ. "ಅವರ ಕಾಲ ಮ್ಯಾಲ ಗಾಡಿ ಹತ್ತಿಸಿದಾಕಿ. ಅವರು ಎದ್ದು ಬರೂತನಾ ಈ ಜಾಗಾ ಕಾಯೂದು ನಂದ."

ಚಂದ್ರಾಬಾಯಿ ಮೆಣಸಿನಕಾಯಿ ರಾಶಿಯ ಹಿಂದಿನಿಂದ ಖೊಳ್ಳನೆ ನಕ್ಕಳು. ಆಚೆ ಕಡೆಯ ಬೆಲ್ಲದವರೂ ನಕ್ಕರು. ಈ ಸಲ ಆ ನಗು ವಿಶಾಖಾಳ ಬೆನ್ನಿಗೆ ನಿಂತಿತ್ತು. "ಏಳ್ರಿ ಮತ್ತ, ನಿಮ್ಮ ಕಾಲ ಮ್ಯಾಲೂ ಹತ್ತಿಸ್ಯಾಳು!" ಎಂದ ಒಬ್ಬ. ಬುಟ್ಟಿಯವನು ಗೊಣಗುತ್ತ ಎದ್ದ. ಗೋಪುರ ಇಳಿಸುವುದು ಸುಲಭವಿರಲಿಲ್ಲ. ವಿಶಾಖಾ ತಾನೂ ಕೈ ಹಚ್ಚಿ ಬುಟ್ಟಿಗಳನ್ನು ಆಚೆ ಬದಿಗೆ ಹೊತ್ತು ಕೊಟ್ಟಳು. ಹೋಗುವಾಗ ಅವನು ತನ್ನ ಟೆಂಪೋ ತೋರಿಸಿ, "ಇದಕ್ಕೂ ಇನ್ಸೂರನ್ಸ್ ಮಾಡ್ತೀಯೇನು?" ಎಂದು ಅಣಕಿಸಿದ. "ಸಂತ್ಯಾಗ ಹಗ್ಗ ಅಷ್ಟ. ಅದು ಬೇಕಂದ್ರ ವಿಜಾಪುರಕ್ಕ ಬರ್ರಿ" ಎಂದಳು.

ಅಲ್ಲಿಂದ ಮುಂದೆ ಅವಳಿಗೆ ಸಂತೆಯ ದಿನ ಕಾಯುವಂತಾಯಿತು. ಕೂಗು ಪಳಗಿತು. ಯಾವ ರೈತ ಕೊಳ್ಳುತ್ತಾನೆ, ಯಾವನು ಬರೀ ಮುಟ್ಟಿ ಹೋಗುತ್ತಾನೆ ಎಂಬುದು ಅವರ ಚಪ್ಪಲಿಯ ನಡಿಗೆಯಲ್ಲೇ ತಿಳಿಯತೊಡಗಿತು. ಸಂಜೆ ಮಾರಾಟದ ಹಣ ಹುಸೇನಬಿಯ ಕೈಗೆ ಕೊಟ್ಟು, ಚಹಾ ಕುಡಿದು, ತಗ್ಗು ಬಿದ್ದ ಕಾರನ್ನು ಹಾಗೆಯೇ ಓಡಿಸಿಕೊಂಡು ಮನೆಗೆ ಬರುತ್ತಿದ್ದಳು. ಹುಸೇನಬಿ ಈಗ ಕೂಡು ಎನ್ನುತ್ತಿದ್ದಳು. ಒಂದು ದಿನ ಖಿಮಾದ ಜೊತೆ ಜೋಳದ ರೊಟ್ಟಿ ಇಟ್ಟು, ತಿನ್ನದೆ ಏಳಬಾರದೆಂದು ಬಾಗಿಲಿಗೆ ಅಡ್ಡ ಕೂತಳು.

ಕಾಲಿನ ಪಟ್ಟಿ ಬಿಚ್ಚಿದ ವಾರ ರಸೂಲಸಾಬ ಬಡಿಗೆ ಊರಿಕೊಂಡು ತಾನೇ ಸಂತೆಗೆ ಬಂದ. ಅಂಗಡಿಯನ್ನು ಒಂದು ಸುತ್ತು ನೋಡಿದ. "ಗೆಜ್ಜಿ ಸರಾ ಹಿಂದ ಯಾಕ ಹಾಕೀದಿ? ಮುಂದ ಹಾಕಬೇಕು, ಬಿಸಲಿಗೆ ಹೊಳೀತಾವ" ಎಂದು ತಿದ್ದಿದ. ವಿಶಾಖಾ ಎದ್ದು ಜಾಗ ಬಿಟ್ಟಳು. ಅವನು ನಿಧಾನವಾಗಿ ಕಾಲು ಚಾಚಿ, ಮರಕ್ಕೆ ಬೆನ್ನು ಕೊಟ್ಟು ಕೂತು, ಒಂದು ದೊಡ್ಡ ಉಸಿರು ಬಿಟ್ಟ.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, ರೂಢಿಯಂತೆ ನಿಂತಿದ್ದವಳನ್ನೇ ಕೇಳಿದ: "ಅಕ್ಕಾ, ಎತ್ತಿನ ಹಗ್ಗ ಹೆಂಗ?"

ವಿಶಾಖಾ ಬೆಲೆ ಹೇಳಿದಳು.

"ಏ, ಅಷ್ಟಲ್ಲಪಾ" ಎಂದ ರಸೂಲಸಾಬ ಗಾಬರಿಯಿಂದ, ಕಡಿಮೆ ಬೆಲೆ ಹೇಳುತ್ತ.

"ಮೂರ ಸಂತಿ ಇದ ರೇಟಿಗೆ ಹೋಗ್ಯಾವ ಕಾಕಾ. ನೀವು ಸುಮ್ಮ ಕುಂದರ್ರಿ" ಎಂದಳು ಅವಳು.

ಗಿರಾಕಿ ಇಬ್ಬರ ಮುಖವನ್ನೂ ನೋಡಿದ. ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದ, ಇನ್ನೊಮ್ಮೆ ಜಗ್ಗಿದ. ಆಮೇಲೆ ಕಿಸೆಗೆ ಕೈ ಹಾಕಿ, ಅವಳು ಹೇಳಿದ ಬೆಲೆಯನ್ನೇ ರಸೂಲಸಾಬನ ಅಂಗೈಗೆ ಎಣಿಸಿ ಹೋದ. ಮುದುಕ ಆ ನೋಟುಗಳನ್ನು ಇನ್ನೊಮ್ಮೆ ಎಣಿಸಿದ. "ಇಷ್ಟ ವರ್ಷ ಕಡಿಮಿಗೆ ಮಾರಿದ್ನೇನ ನಾ?" ಎಂದು ಚಂದ್ರಾಬಾಯಿಯನ್ನು ಕೇಳಿದ. ಅವಳು ಮೆಣಸಿನಕಾಯಿ ತೂಗತೊಡಗಿದಳು.

ವಿಶಾಖಾ ಚಾದರ ಕೊಡವಿ ಮಡಚಿ, ತಿಕೋಟಾದಲ್ಲಿ ಒಬ್ಬ ಹೊಸ ಗಿರಾಕಿ ಕಾಯುತ್ತಿದ್ದಾನೆಂದು ಹೇಳಿ, ಕಾರಿನ ಕಡೆ ನಡೆದಳು.